ಮನೆಗೊಂದು ಸೆಟ್ಟು

ಆ ಕ್ಷೌರಿಕರ ಕೈ ನಡುಗುತ್ತಿತ್ತು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಡುಗಿದ್ದನ್ನು ಕಣ್ಣಾರೆ ಕಂಡಿರಾ ಎಂದು ಯಾರಾದರೂ ಕೇಳಿದರೆ ಹೌದೆನ್ನುವ ಧೈರ್ಯ ಈಗ ಇಲ್ಲ. ನೆತ್ತರನ್ನು ಕಂಡದ್ದು ಖಂಡಿತ. ನೆತ್ತರಿನಿಂದ ನಡುಕವನ್ನು ಊಹಿಸಿ, ಕಾಲ ಸರಿದ ಹಾಗೆ ಆ ಊಹೆಯನ್ನೇ ಕಂಡದ್ದೆಂದು ನಂಬಿಬಿಟ್ಟಿರಲೂಬಹುದು. ಮಾತೆಲ್ಲ ನಡೆದದ್ದು ತುಳುವಿನಲ್ಲಿ, ಬರೆಯುತ್ತಿರುವುದು ಕನ್ನಡದಲ್ಲಿ. ಹಾಗಾಗಿ ಇಲ್ಲಿರುವ ಒಂದು ಮಾತೂ ಆಡಿದವರ ಬಾಯಿಂದ ಬಂದ ಹಾಗೆಯೇ ಇಲ್ಲ. ಮದ್ರಾಸಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ದಿನಗಳಿಂದ ನನಗೆ ಅಂಟಿಕೊಂಡ ರೋಗ ಇದು. ಸಾಕ್ಷಿ ಇಲ್ಲದ್ದನ್ನು ನಂಬಲಾರೆ, ನನ್ನ ನೆನಪನ್ನು ಸಾಕ್ಷಿಯೆಂದು ಒಪ್ಪಲೂ ಆರೆ. ಆದರೂ ಬರೆಯುತ್ತಿದ್ದೇನೆ. ಒಬ್ಬರ ಮನೆ ಹೋದದ್ದು ನೆನಪಿನ ವಿಷಯವಲ್ಲ. ಆ ಜಾಗದಲ್ಲಿ ಈಗ ಗೇರುಮರಗಳಿವೆ.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಅಂಗಡಿಯವರು ಇನ್ನೂ ನಯಾಪೈಸೆಯನ್ನು ಆಣೆಗೆ ತಿರುಗಿಸಿಯೇ ಲೆಕ್ಕ ಹೇಳುತ್ತಿದ್ದರು. ಬೆಳ್ತಂಗಡಿಯಲ್ಲಿ ನನಗೆ ಸರಕಾರಿ ಕೆಲಸ. ಊರೂರು ತಿರುಗಿ ದೊಡ್ಡವರಿಗೆ ಅಕ್ಷರ ಕಲಿಸುವ ಏರ್ಪಾಡು ಮಾಡುವುದು, ಸಣ್ಣ ಉಳಿತಾಯದ ಬಗ್ಗೆ ಭಾಷಣ ಮಾಡುವುದು. ಜೊತೆಗೆ ಒಬ್ಬ ಗ್ರಾಮಸೇವಕರಿದ್ದರು. ಗೊಬ್ಬರ, ಬೀಜ ಅವರ ಇಲಾಖೆ, ತಮಾಷೆಯೂ ಅವರದೇ. ಉಳಿತಾಯದ ಭಾಷಣಕ್ಕೆ ನನ್ನಲ್ಲಿ ಒಂದು ಸ್ವಂತ ಉದಾಹರಣೆ ಇತ್ತು. ಹಾಸ್ಟೆಲಿನಲ್ಲಿದ್ದಾಗ ಸಲೂನಿಗೆ ಹೋಗುವುದನ್ನು ಬಿಟ್ಟು ಸೇಫ್ಟಿ ರೇಜರ್ ಕೊಂಡುಕೊಂಡಿದ್ದೆ. ಬ್ಲೇಡು ಮೊಂಡಾದರೆ ಗಾಜಿನ ಲೋಟದ ಒಳಮೈಗೆ ಬೆರಳಲ್ಲಿ ಒತ್ತಿ ಅತ್ತಿತ್ತ ಉಜ್ಜುವುದು, ಮತ್ತೆ ಕೆಲವು ದಿನ ಬರುತ್ತದೆ. ಹೀಗೆ ಉಳಿಸಿದ ದುಡ್ಡಿನಲ್ಲಿ ಪುಸ್ತಕ ಕೊಂಡೆ ಎಂದು ಹೇಳುತ್ತಿದ್ದೆ. ಜನ ಪುಸ್ತಕದ ಮಾತಿಗೆ ಆಕಳಿಸುತ್ತಿದ್ದರು, ರೇಜರನ್ನು ಮಾತ್ರ ಕೈಗೆ ತೆಗೆದುಕೊಂಡು ತಿರುಗಿಸಿ ನೋಡುತ್ತಿದ್ದರು.

ನೆರಿಯದ ಕಡೆಗೆ ಹೋಗುವ ದಾರಿಯಲ್ಲಿ ಬಸ್ಸು ಇಳಿದು ಗುಡ್ಡ ಹತ್ತಿ ಇಳಿದರೆ ಸಿಗುವ ಒಂದು ಊರು. ಅಲ್ಲಿಯ ಗುತ್ತಿನ ಮನೆ, ಎಂದರೆ ಊರಿಗೆ ಹಿರಿಯ ಮನೆತನದ ಮನೆ, ನನ್ನ ಸಭೆಗಳು ನಡೆಯುತ್ತಿದ್ದ ಜಾಗ. ಮೊದಲ ಸಲ ಹೋದಾಗ ಯಜಮಾನರು ಅಂಗಳದ ಮೂಲೆಯಲ್ಲಿ ಮಣೆಯ ಮೇಲೆ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿದ್ದರು. ಎದುರಿಗೆ ಕುಕ್ಕರಗಾಲಿನಲ್ಲಿ ಊರಿನ ಕ್ಷೌರಿಕರು. ಐವತ್ತರ ಆಸುಪಾಸು, ತೆಳ್ಳಗಿನ ಮೈ, ವಾರಗಟ್ಟಲೆ ಬೆಳೆದ ಗಡ್ಡ. ನಾನು ಅಂಗಳಕ್ಕೆ ಕಾಲಿಟ್ಟದ್ದಕ್ಕೆ ಯಜಮಾನರು ತಟ್ಟನೆ ತಿರುಗಿದರು ಎಂದು ಒಮ್ಮೊಮ್ಮೆ ಅನಿಸುತ್ತದೆ. ನಾನು ಬರುವಾಗಲೇ ನೆತ್ತರು ಬಂದಾಗಿತ್ತು ಎಂದೂ ಒಮ್ಮೊಮ್ಮೆ. ಕಿವಿಯ ಬುಡದಿಂದ ಇಳಿದ ಕೆಂಪು ಗೆರೆ ನೊರೆಯ ಮೇಲೆ ಹರಡುತ್ತಿತ್ತು.

"ಎಂತ ಮಾರಾಯ ಇದು? ನಾನೆಂತ ಕೋಳಿಯಾ, ಕೊಯ್ಯಲಿಕ್ಕೆ?"

"ತಪ್ಪಾಯ್ತು ಧಣಿ," ಎಂದು ಕ್ಷೌರಿಕರು ಪಟಿಕದ ತುಂಡನ್ನು ನೀರಿನಲ್ಲಿ ಅದ್ದಿ ಗಾಯಕ್ಕೆ ಒತ್ತಿದರು.

"ಮೊನ್ನೆಯೂ ತಪ್ಪಾಯ್ತು, ಇವತ್ತೂ ತಪ್ಪಾಯ್ತು. ಕೈ ನಡುಗುವವನಿಗೆ ಕತ್ತಿ ಎಂತಕ್ಕೆ? ಇನ್ನೊಮ್ಮೆ ನೆತ್ತರು ಕಂಡರೆ ಪಾತ್ರೆಪಗಡೆ ಕಟ್ಟಿಕೊಂಡು ಹೊರಡು. ಆ ಮನೆಯಲ್ಲಿ ಬೇರೆಯವನನ್ನು ಕೂರಿಸ್ತೇನೆ."

ಆ ಮನೆ ಎಂದರೆ ಏನೆಂದು ಗ್ರಾಮಸೇವಕರು ದಾರಿಯಲ್ಲಿ ಬಿಡಿಸಿ ಹೇಳಿದರು. ಹೊಳೆಯ ಆಚೆ ಬದಿಯಲ್ಲಿ ಮುಳಿಹುಲ್ಲು ಹೊದೆಸಿದ ಒಂದು ಮನೆ, ಸುತ್ತ ಒಂದಿಷ್ಟು ಬಸಳೆ, ತೊಂಡೆ ಬೆಳೆಯುವಷ್ಟು ಜಾಗ. ಅದು ಗುತ್ತಿನದು. ಊರಿನ ಕ್ಷೌರ ಮಾಡುವವರಿಗೆಂದು ತಲೆತಲಾಂತರದಿಂದ ಬಿಟ್ಟದ್ದು, ಕಾಗದ ಪತ್ರ ಯಾವುದೂ ಇಲ್ಲ. ಕೊಯ್ಲು ಮುಗಿದ ಮೇಲೆ ಪ್ರತಿ ಮನೆಯವರೂ ಇಷ್ಟಿಷ್ಟು ಭತ್ತ ಕೊಡುತ್ತಾರೆ, ವರ್ಷವಿಡೀ ಇವರು ಹೋಗಿ ಕ್ಷೌರ ಮಾಡಿ ಬರಬೇಕು. ಕೆಲಸ ಇರುವವರೆಗೆ ಮನೆ. ಯಜಮಾನರ ಗಡ್ಡ ತಪ್ಪಿದರೆ ಮನೆ ತಪ್ಪಿತು.

ಹೊಳೆಗೆ ಹಾಕಿದ್ದ ಸಂಕವನ್ನು, ಎರಡು ಮರದ ದಿಮ್ಮಿ ಜೋಡಿಸಿದ ಸೇತುವೆಯನ್ನು, ದಾಟಿ ನಾನು ಮಾರನೆಯ ವಾರ ಅವರ ಮನೆಗೆ ಹೋದೆ. ಕೈ ನಡುಗುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. "ಅಲ್ಲಿ ಕೂತರೆ ಸ್ವಲ್ಪ ಹಾಗೆ ಆಗ್ತದೆ ಮಾಸ್ಟ್ರೇ," ಎಂದರು. ಅಕ್ಷರ ಕಲಿಸುವ ಇಲಾಖೆಯವನಾದ್ದರಿಂದ ನಾನು ಎಲ್ಲರಿಗೂ ಮಾಸ್ಟ್ರು. ವಯಸ್ಸಾದಾಗ ಬರುವ ನಡುಕದ ಬಗ್ಗೆ ಎಲ್ಲೋ ಓದಿದ್ದೆ. ಮದ್ದಿಲ್ಲದ ಕಾಯಿಲೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಮದ್ದಿಲ್ಲದಿದ್ದರೇನು, ಉಪಕರಣ ಬದಲಿಸಬಹುದಲ್ಲ? ಚೀಲದಿಂದ ನನ್ನ ರೇಜರನ್ನು ತೆಗೆದೆ.

ಅದರ ಮೂರು ಭಾಗಗಳನ್ನು ಚಾಪೆಯ ಮೇಲೆ ಬಿಚ್ಚಿಟ್ಟೆ. ತಿರುಪು ಇರುವ ಹಿಡಿ, ಅಂಚಿನಲ್ಲಿ ಹಲ್ಲುಗಳಿರುವ ಕೆಳತಟ್ಟೆ, ಬಾಗಿದ ಮೇಲ್ಮುಚ್ಚಳ. ಎರಡರ ನಡುವೆ ಬ್ಲೇಡು. ಮುಚ್ಚಳ ಬಿಗಿದಾಗ ಬ್ಲೇಡು ಬಾಗುತ್ತದೆ, ಅಲಗಿನ ಕೂದಲೆಳೆಯಷ್ಟು ಭಾಗ ಮಾತ್ರ ಹೊರಗೆ ಇಣುಕುತ್ತದೆ, ಹಲ್ಲುಗಳು ಚರ್ಮವನ್ನು ದೂರ ಹಿಡಿಯುತ್ತವೆ. ಕೈ ಎಷ್ಟು ನಡುಗಿದರೂ ಅಲಗು ಆಳಕ್ಕೆ ಇಳಿಯಲಾರದು. ಅವರು ಬ್ಲೇಡನ್ನು ಉಗುರಿನ ಮೇಲೆ ಎಳೆದು ನೋಡಿದರು.

"ಇದನ್ನು ಮಸೆಯುವುದು ಬೇಡವಾ?"

"ಬೇಡ. ಲೋಟದಲ್ಲಿ ಉಜ್ಜಿದರೆ ಸಾಕು, ತೀರಾ ಮೊಂಡಾದರೆ ಬಿಸಾಡುವುದು."

"ಬಿಸಾಡುವುದಾ?" ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಡತಿಯ ಕಡೆ ನೋಡಿ ನಕ್ಕರು. "ಕೇಳಿದಿಯಾ, ಬಿಸಾಡ್ಲಿಕ್ಕೆಂದೇ ಮಾಡಿದ ಕತ್ತಿ."

ಅಭ್ಯಾಸ ಮಾಡುವುದು ಯಾರ ಮುಖದ ಮೇಲೆ? ನಿಮ್ಮ ಗಡ್ಡವೇ ಇದೆಯಲ್ಲ ಎಂದೆ. ಅವರು ಗಾಬರಿಯಾದರು. ತಮ್ಮ ಕತ್ತಿಯನ್ನು ತಮ್ಮ ಮುಖಕ್ಕೆ ಹಿಡಿಯುವ ಕ್ರಮ ಅವರಲ್ಲಿ ಇಲ್ಲವಂತೆ. ಮೂಡಬಿದಿರೆಯ ಹತ್ತಿರ ತೋಡಾರಿನಲ್ಲಿ ಅವರ ಅಕ್ಕನ ಗಂಡ ಇದ್ದಾರೆ, ಅವರೂ ಕ್ಷೌರಿಕರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಅಲ್ಲಿಗೆ ಹೋಗುವುದು, ಭಾವ ಇವರಿಗೆ, ಇವರು ಭಾವನಿಗೆ ಕ್ಷೌರ ಮಾಡುವುದು. "ಅದಕ್ಕೇ ಊರಿನವರ ಗಡ್ಡ ತೆಗೆಯುವವನಿಗೇ ಇಷ್ಟುದ್ದ ಗಡ್ಡ," ಎಂದು ಕೆನ್ನೆ ತುರಿಸಿಕೊಂಡರು. ಆ ಹೊತ್ತಿಗೆ ನನಗೆ ಚಪ್ಪರದಲ್ಲಿ ನೇತಾಡುತ್ತಿದ್ದ ಎಳೆ ಕುಂಬಳಕಾಯಿ ಕಣ್ಣಿಗೆ ಬಿತ್ತು. ಬೂದುಗುಂಬಳ ಎಳೆಯದಿರುವಾಗ ಮೈತುಂಬ ಒರಟು ರೋಮ. ಕೊಯ್ದು ತಂದು ಸೋಪಿನ ನೊರೆ ಹಚ್ಚಿದೆವು.

ಮೊದಲ ಕಾಯಿ ಹಾಳಾಯಿತು. ಕತ್ತಿಯನ್ನು ಚರ್ಮಕ್ಕೆ ಬಹುತೇಕ ಮಲಗಿಸಿ, ಹೆಬ್ಬೆರಳಿನ ಒತ್ತು ಕೊಟ್ಟು ಎಳೆದು ಅವರಿಗೆ ರೂಢಿ. ರೇಜರಿಗೆ ಒತ್ತಡ ಬೇಡ, ಅದರ ತೂಕವೇ ಸಾಕು. ಮೊದಲು ಮುಚ್ಚಳವನ್ನು ಮುಟ್ಟಿಸಿ, ಆಮೇಲೆ ಅಲಗು ತಾಗುವವರೆಗೆ ಮಾತ್ರ ಹಿಡಿಯನ್ನು ಇಳಿಸಬೇಕು. ಒತ್ತಿದಾಗ ಹಲ್ಲುಗಳ ಗುರುತು ಕಾಯಿಯ ಮೇಲೆ ಸಾಲಾಗಿ ಮೂಡಿತು. ಎರಡನೆಯ ಕಾಯಿಗೆ ಕೈ ಹದಕ್ಕೆ ಬಂತು. ಮೂರನೆಯದು ತೊಳೆದಿಟ್ಟಾಗ ಹಣ್ಣಾದ ಸೌತೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಬಂದ ಗ್ರಾಮಸೇವಕರು ಬೇಲಿಯ ದಣಪೆಯ ಹತ್ತಿರವೇ ನಿಂತುಬಿಟ್ಟರು.

"ಮದ್ರಾಸಿನಲ್ಲಿ ಕಲಿತದ್ದು ಇದನ್ನೇಯಾ ಮಾರಾಯ್ರೆ? ಕುಂಬಳಕಾಯಿಗೆ ಕ್ಷೌರ! ನಾಳೆ ಹೀರೆಕಾಯಿಗೆ ಕ್ರಾಪು ಮಾಡಿಸುವ."

ಕ್ಷೌರಿಕರು ಮನಸಾರೆ ನಕ್ಕದ್ದು ನೆನಪಿದೆ. ಇನ್ನೊಂದು ವಿಷಯವೂ ನೆನಪಿದೆ, ಆದರೆ ಅದನ್ನು ಆಗ ಕಂಡೆನೋ ಆಮೇಲೆ ಕಟ್ಟಿಕೊಂಡೆನೋ ತಿಳಿಯದು. ಕುಂಬಳಕಾಯಿಯ ಮೇಲೆ ಅವರ ಕೈ ಒಂದಿಷ್ಟೂ ಅಲುಗಲಿಲ್ಲ. ರೇಜರಿನ ಗುಣ ಎಂದುಕೊಂಡೆ.

ಯಜಮಾನರ ಮುಖಕ್ಕೆ ಹೋಗುವ ಮೊದಲು ನನ್ನ ಮುಖವನ್ನೇ ಒಡ್ಡಿದೆ, ಅದರಿಂದ ಒಂದು ತೊಡಕು ಗೊತ್ತಾಯಿತು. ನನ್ನದು ಎರಡು ದಿನದ ಗಡ್ಡ, ಸಲೀಸಾಗಿ ಬಂತು. ಊರಿನವರು ಹದಿನೈದು ದಿನಕ್ಕೊಮ್ಮೆ ಗಡ್ಡ ತೆಗೆಸುವವರು. ಅಷ್ಟುದ್ದದ ಕೂದಲು ಹಲ್ಲುಗಳ ಸಂದಿಯಲ್ಲಿ ಸಿಕ್ಕಿ ರೇಜರು ಕಚ್ಚುತ್ತದೆ. ಗ್ರಾಮಸೇವಕರ ಕೆನ್ನೆಯ ಮೇಲೆ ಪ್ರಯತ್ನಿಸಿದಾಗ ಅವರ ತಮಾಷೆ ಸ್ವಲ್ಪ ಹೊತ್ತು ನಿಂತಿತು. ಮೊದಲು ಕತ್ತರಿಯಿಂದ ಮೋಟು ಮಾಡಿಕೊಳ್ಳುವುದು, ಬಿಸಿನೀರಿನ ಬಟ್ಟೆ ಒತ್ತಿ ನೆನೆಸುವುದು, ಪ್ರತಿ ಎಳೆತಕ್ಕೂ ರೇಜರನ್ನು ನೀರಿನಲ್ಲಿ ಅಲುಗಿಸುವುದು ಎಂದು ಕ್ರಮ ಗೊತ್ತುಮಾಡಿಕೊಂಡೆವು. ಆಮೇಲೆ ಗುತ್ತಿನ ಮನೆಗೆ ಹೋದೆವು. ನಾನು ಜಗಲಿಯಲ್ಲಿ ಕೂತು ನೋಡಿದೆ. ನೆತ್ತರು ಬರಲಿಲ್ಲ. ಯಜಮಾನರು ಕನ್ನಡಿಯಲ್ಲಿ ಎರಡು ಕೆನ್ನೆ ನೋಡಿಕೊಂಡರು, ಗಂಟಲ ಕೆಳಗೆ ಸವರಿಕೊಂಡರು.

"ಅಡ್ಡಿಯಿಲ್ಲ," ಎಂದರು. "ಮಾಸ್ಟ್ರೇ, ಈ ಸಾಮಾನಿಗೆ ಎಷ್ಟಾಗ್ತದೆ?"

ಆ ಪ್ರಶ್ನೆಯನ್ನು ನಾನು ಮೆಚ್ಚುಗೆ ಎಂದೇ ತಿಳಿದೆ.

ತೊಂದರೆ ಎರಡನೆಯ ಮನೆಯಲ್ಲಿ ಶುರುವಾಯಿತು. ಆ ಮನೆಯ ಹಿರಿಯರು ರೇಜರನ್ನು ತಿರುಗಿಸಿ ನೋಡಿ ಚಾಪೆಯ ಮೇಲೆ ಇಟ್ಟುಬಿಟ್ಟರು. ಕತ್ತಿಯಾದರೆ ಒಬ್ಬರಿಗೆ ಹಿಡಿದ ಮೇಲೆ ತೊಳೆಯುತ್ತಾರೆ, ಕಲ್ಲಿಗೆ ಕೊಡುತ್ತಾರೆ, ಚರ್ಮದ ಪಟ್ಟಿಗೆ ಎಳೆಯುತ್ತಾರೆ, ಅಲಗು ಹೊಸತಾಗಿಯೇ ಇನ್ನೊಬ್ಬರಿಗೆ ಬರುತ್ತದೆ. ಇದರ ಹಲ್ಲಿನ ಸಂದಿಯಲ್ಲಿ, ಮುಚ್ಚಳದ ಅಡಿಯಲ್ಲಿ ಯಾರ್ಯಾರ ಗಡ್ಡದ ನೊರೆ ಕೂತಿದೆಯೋ. "ಅಲ್ಲ ಮಾಸ್ಟ್ರೇ, ಇನ್ನೊಬ್ಬರ ಎಂಜಲು ತಟ್ಟೆಯಲ್ಲಿ ಉಣ್ಣಿ ಎಂದ ಹಾಗಾಯ್ತಲ್ಲ ಇದು!" ಮೂರನೆಯ ಮನೆಯಲ್ಲೂ ಅದೇ ಮಾತು. ಸುದ್ದಿ ಗುತ್ತಿಗೂ ಮುಟ್ಟಿತು. ಅಲ್ಲಿಂದ ತಿರುಗಿ ಬಂದ ಮಾತು ಇನ್ನೂ ಗಟ್ಟಿ: ಯಜಮಾನರ ಮುಖಕ್ಕೆ ಮುಟ್ಟಿಸಿದ್ದನ್ನು ಬೇರೆಯವರಿಗೆ ಮುಟ್ಟಿಸಿದರೆ ಅಂಗಳ ಹತ್ತಬೇಡ.

ಇದಕ್ಕೂ ನನ್ನಲ್ಲಿ ವಿಜ್ಞಾನ ಇತ್ತು. ಪ್ರತಿ ಕ್ಷೌರದ ನಂತರ ರೇಜರನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಹಾಕಿ, ಎಲ್ಲರ ಎದುರೇ ತೆಗೆದು ಒರೆಸಿ ಎಂದೆ. ಕ್ಷೌರಿಕರು ಹಾಗೆಯೇ ಮಾಡಿದರು. ಕುದಿಸಿ ಕುದಿಸಿ ಬ್ಲೇಡಿನ ಅಂಚಿಗೆ ತುಕ್ಕು ಕೂತಿತು. ಜನ ಹಬೆಯಾಡುವ ಚೆಂಬನ್ನೂ ಒಪ್ಪಲಿಲ್ಲ. ಒಂದು ಮನೆಯ ಅಜ್ಜಿ, ಆ ಚೆಂಬು ನಮ್ಮದಾ ನಿನ್ನದಾ ಎಂದು ಕೇಳಿದಳು. ಕತ್ತಿಗೆ ತಿರುಗುವಂತಿಲ್ಲ, ಯಾವ ಮನೆಯಲ್ಲಿ ನೆತ್ತರು ಬಂದರೂ ಗುತ್ತಿನ ಮನೆಗೆ ಸುದ್ದಿ ಮುಟ್ಟುತ್ತದೆ, ಯಜಮಾನರ ಎಚ್ಚರಿಕೆ ತಲೆಯ ಮೇಲೆ. ರೇಜರು ನಡೆಯುವಂತಿಲ್ಲ, ಊರು ಒಪ್ಪುತ್ತಿಲ್ಲ. ಒಂದು ತಿಂಗಳು ಊರಿನ ಗಡ್ಡಗಳು ಬೆಳೆಯುತ್ತಲೇ ಹೋದವು.

ಮನೆಗೊಂದು ಸೆಟ್ಟು ಎಂಬ ಮಾತು ಹುಟ್ಟಿದ್ದು ಈ ಹೊತ್ತಿನಲ್ಲಿ. ಪ್ರತಿ ಮನೆಯವರೂ ತಮ್ಮದೇ ರೇಜರು ಇಟ್ಟುಕೊಳ್ಳುವುದು, ಕ್ಷೌರಿಕರು ಬಂದು ಆಯಾ ಮನೆಯ ರೇಜರಿನಲ್ಲಿ ಆಯಾ ಮನೆಯವರಿಗೆ ಕ್ಷೌರ ಮಾಡುವುದು. ಎಂಜಲಿನ ಪ್ರಶ್ನೆಯೇ ಇಲ್ಲ. ಇದನ್ನು ಹೇಳಿದವರು ಯಾರು? ಕ್ಷೌರಿಕರೇ ನಗುತ್ತಾ, "ಹಾಗಾದರೆ ಎಲ್ಲರ ಮನೆಯಲ್ಲೂ ಒಂದೊಂದು ಇಡಿಸಿಬಿಡಿ ಮಾಸ್ಟ್ರೇ," ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅವರ ಹಿಂದಿದ್ದ ಒದ್ದೆ ಗೋಡೆಯೂ ನೆನಪಿದೆ. ಗ್ರಾಮಸೇವಕರನ್ನು ಆಮೇಲೆ ಕೇಳಿದಾಗ ಅವರು, "ಎಂತ ಮಾರಾಯ್ರೆ, ಹೇಳಿದ್ದು ನೀವು. ಬಸ್ಸಿನಲ್ಲಿ. ನನ್ನ ತೊಡೆಗೆ ಹೊಡೆದು ಹೇಳಿದಿರಿ," ಎಂದರು. ಅವರ ನೆನಪಿನಲ್ಲಿ ಬಸ್ಸಿದೆ, ನನ್ನ ನೆನಪಿನಲ್ಲಿ ಗೋಡೆ. ಎರಡರಲ್ಲಿ ಯಾವುದನ್ನೂ ಸುಳ್ಳೆಂದು ತೋರಿಸಲು ನನ್ನಿಂದ ಆಗಿಲ್ಲ.

ಕ್ಷೌರಿಕರ ಹೆಂಡತಿ ಮಾತ್ರ ಒಂದು ಪ್ರಶ್ನೆ ಕೇಳಿದ್ದು ಖಂಡಿತ. ಅದನ್ನು ಗ್ರಾಮಸೇವಕರೂ ಒಪ್ಪುತ್ತಾರೆ.

"ಎಲ್ಲ ಮನೆಯಲ್ಲೂ ಸೆಟ್ಟು ಉಂಟಾದರೆ ಇವರು ಹಡಪದಲ್ಲಿ ಎಂತ ಹೊತ್ತುಕೊಂಡು ಹೋಗುವುದು?"

ಹಡಪ ಎಂದರೆ ಕ್ಷೌರದ ಸಾಮಾನಿನ ಚೀಲ. "ಭಾರ ಕಮ್ಮಿಯಾಗ್ತದೆ, ಒಳ್ಳೆಯದೇ ಅಲ್ವಾ," ಎಂದು ಗ್ರಾಮಸೇವಕರು ಹೇಳಿದರು.

ಮನೆಮನೆಯಿಂದ ದುಡ್ಡು ಕೂಡಿಸಿಕೊಂಡು ನಾನು ಬಂಟ್ವಾಳ ಪೇಟೆಗೆ ಹೋದೆ. ಮೆಲ್ಕಾರಿನ ಪರಿಚಯದವರೊಬ್ಬರು ಅಲ್ಲಿಯ ಒಂದು ಅಂಗಡಿಯ ಗುರುತು ಹೇಳಿದ್ದರು. ಒಟ್ಟಿಗೆ ಕೊಂಡರೆ ಬೆಲೆ ಇಳಿಸುತ್ತಾರಂತೆ. ಅಂಗಡಿಯವರು, "ಸಲೂನು ಹಾಕ್ತೀರಾ?" ಎಂದು ಕೇಳಿದರು. ಅಲ್ಲ, ಉಳಿತಾಯ ಯೋಜನೆ ಎಂದೆ. ಒಂದು ರಟ್ಟಿನ ಪೆಟ್ಟಿಗೆ ತುಂಬ ಸೆಟ್ಟುಗಳನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿ ತಂದು, ಗುತ್ತಿನ ಜಗಲಿಯಲ್ಲಿ ಸಭೆ ಸೇರಿಸಿ, ಬ್ಲೇಡು ಹಾಕುವುದನ್ನೂ ಲೋಟದಲ್ಲಿ ಉಜ್ಜುವುದನ್ನೂ ತೋರಿಸಿದೆ. ನನ್ನ ಭಾಷಣಗಳಲ್ಲಿ ಯಾರೂ ಆಕಳಿಸದೆ ಕೇಳಿದ್ದು ಅದೊಂದೇ. ಪ್ರಾತ್ಯಕ್ಷಿಕೆಗೆ ಕೆನ್ನೆ ಒಡ್ಡಿದವನು ಯಜಮಾನರ ಅಳಿಯ, ತಂಗಿಯ ಮಗ. ಅಳಿಯಕಟ್ಟಿನ ಮನೆಯಾದ್ದರಿಂದ ಮುಂದಿನ ಯಜಮಾನ ಅವನೇ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದ.

ಆರಂಭದಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಕ್ಷೌರಿಕರು ಮನೆಗೆ ಹೋಗುವುದು, ಮನೆಯವರು ಮಾಡಿನ ಸಂದಿಯಿಂದಲೋ ಕನ್ನಡಿಯ ಹಿಂದಿನಿಂದಲೋ ಸೆಟ್ಟು ತೆಗೆದುಕೊಡುವುದು, ಕ್ಷೌರ ಮುಗಿದ ಮೇಲೆ ತೊಳೆದು ವಾಪಸು ಕೊಡುವುದು. ಯಾರ ಮುಖದಲ್ಲೂ ನೆತ್ತರಿಲ್ಲ. ಇಲಾಖೆಯ ಆ ತಿಂಗಳ ಸಭೆಯಲ್ಲಿ ಇದನ್ನು ನಾನು ಯಶಸ್ಸೆಂದು ವರದಿ ಮಾಡಿದೆ.

ಆಟಿ ತಿಂಗಳ, ಎಂದರೆ ಆಷಾಢದ, ಮಳೆಗೆ ಸಂಕ ಕೊಚ್ಚಿಹೋಯಿತು. ಹೊಳೆ ಇಳಿಯುವವರೆಗೆ ಕ್ಷೌರಿಕರು ಈಚೆ ಬರುವಂತಿಲ್ಲ. ಹಿಂದೆಯೂ ಪ್ರತಿ ಮಳೆಗಾಲದಲ್ಲಿ ಹೀಗೆ ಆಗುತ್ತಿತ್ತು. ಊರಿನ ಗಂಡಸರೆಲ್ಲ ಗಡ್ಡ ಬಿಟ್ಟುಕೊಂಡು ಕಾಯುತ್ತಿದ್ದರು. ಈ ಸಲ ಮಾಡಿನ ಸಂದಿಯಲ್ಲಿ ಸೆಟ್ಟು ಇತ್ತು. ರಜೆಯಲ್ಲಿ ಬಂದಿದ್ದ ಅಳಿಯ ಮೊದಲು ತಾನೇ ಮಾಡಿಕೊಂಡ. ಅವನನ್ನು ನೋಡಿ ಮಾವ. ಗುತ್ತಿನಲ್ಲಿ ಆಗುವುದು ಉಳಿದ ಮನೆಗಳಲ್ಲಿ ಆಗದೇ ಇರುತ್ತದೆಯೇ? ಹೊಳೆ ಇಳಿದು ಹೊಸ ಸಂಕ ಬಿದ್ದು ಕ್ಷೌರಿಕರು ಈಚೆ ಬಂದಾಗ, ಹೋದ ಮನೆಗಳಲ್ಲೆಲ್ಲ ನುಣ್ಣಗಿನ ಕೆನ್ನೆಗಳು. "ಇವತ್ತು ಬೇಡ, ಮೊನ್ನೆಯಷ್ಟೇ ಆಯ್ತು," ಎಂದರಂತೆ. ಮತ್ತೊಂದು ದಿನ ಹೋದರೆ, "ಇನ್ನೊಂದು ದಿನ ಬಾ." ಒಂದು ಮನೆಯವರು ಬಾಯಾರಿಕೆಗೆ ಬೆಲ್ಲ, ನೀರು ಕೊಟ್ಟು ಕೂರಿಸಿದರು. ತಮ್ಮನ್ನು ಹಾಗೆ ನೆಂಟರಂತೆ ಕೂರಿಸಿದ್ದೇ ಅವರಿಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿತು ಎಂದು ನನಗೆ ಹೇಳಿದರು.

ತಲೆಕೂದಲು ಇದೆಯಲ್ಲ, ಅದು ಸೆಟ್ಟಿನಲ್ಲಿ ಆಗುವುದಿಲ್ಲವಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ಎಳೆಯರು ಸಂತೆಯ ದಿನ ಬೆಳ್ತಂಗಡಿಯ ಸಲೂನಿನಲ್ಲಿ ಕುರ್ಚಿಯ ಮೇಲೆ ಕೂತು ಕ್ರಾಪು ಮಾಡಿಸಿಕೊಳ್ಳಲು ಆಗಲೇ ಶುರುಮಾಡಿದ್ದರು. ಗಡ್ಡಕ್ಕೆ ಬಂದವರು ತಲೆಯನ್ನೂ ನೋಡುವುದು ರೂಢಿ. ಗಡ್ಡ ನಿಂತ ಮೇಲೆ ತಲೆಗಾಗಿಯೇ ಯಾರೂ ಕರೆಯಲಿಲ್ಲ. ಸಾವಿನ ಮನೆಯ ಕ್ರಿಯೆಗೆ ಕರೆಯುತ್ತಿದ್ದರು. ಸಾವನ್ನು ನೆಚ್ಚಿಕೊಂಡು ಒಲೆ ಹೊತ್ತಿಸಲು ಆಗುತ್ತದೆಯೇ?

ಕೊಯ್ಲು ಮುಗಿಯಿತು. ಕ್ಷೌರಿಕರು ಗೋಣಿ ಹಿಡಿದು ಮನೆಮನೆಗೆ ಹೋದರು. ಕೆಲವರು ಅರ್ಧ ಕೊಟ್ಟರು, ಹೆಚ್ಚಿನವರು ಕೊಡಲಿಲ್ಲ. ನಾನು ಯಜಮಾನರ ಹತ್ತಿರ ಹೋದೆ. ಅವರು ನನ್ನನ್ನು ಮರ್ಯಾದೆಯಿಂದ ಕೂರಿಸಿ ಕಾಫಿ ತರಿಸಿದರು.

"ಬನ್ನಿ ಬನ್ನಿ. ನಿಮ್ಮ ಉಳಿತಾಯದ ಭಾಷಣದಿಂದ ನಮಗೆ ಲಾಭ ಆಯ್ತು ನೋಡಿ. ಊರಿಡೀ ನಿಮ್ಮ ಹೆಸರು ಹೇಳ್ತದೆ."

"ಅವರಿಗೆ ಈ ವರ್ಷ ಭತ್ತ ಸಿಕ್ಕಲಿಲ್ಲ," ಎಂದೆ.

"ಸೆಟ್ಟು ನಮ್ಮದು, ಬ್ಲೇಡು ನಮ್ಮದು, ಈಗ ಕೈಯೂ ನಮ್ಮದೇ. ಭತ್ತ ಎಂತಕ್ಕೆ ಕೊಡುವುದು, ನೀವೇ ಹೇಳಿ."

"ತಲೆಕೂದಲು?"

ಅವರು ತಮ್ಮ ಬೋಳು ತಲೆಯನ್ನು ನನ್ನ ಕಡೆಗೆ ಬಗ್ಗಿಸಿದರು. "ಇದರಲ್ಲಿ ಎಂತ ಉಂಟು ಮಾರಾಯ್ರೆ, ಹುಡುಕಿ ಕೊಡಿ." ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಗು ನಿಂತ ಮೇಲೆ ಅವರು ಬೇರೆ ಸ್ವರದಲ್ಲಿ ಹೇಳಿದರು: "ಮನೆ ಕೊಟ್ಟದ್ದು ಕೆಲಸಕ್ಕೆ. ಕೆಲಸ ಇಲ್ಲ. ಅಲ್ಲಿ ಗೇರು ಹಾಕಿಸುವ ಅಂತ ಉಂಟು. ಅವನನ್ನು ಬೈದು ಕಳಿಸುವುದಿಲ್ಲ. ಮಳೆಗೆ ಮುಂಚೆ ಹೋದರೆ ಸಾಕು."

ಅವರು ಆಡಿದ ಮಾತಿನಲ್ಲಿ ತರ್ಕದೋಷ ಹುಡುಕಿದೆ. ಸಿಗಲಿಲ್ಲ. ಅದು ನನ್ನದೇ ತರ್ಕ. ಬೇರೆಯವರ ಬಾಯಲ್ಲಿ ಕೇಳುವಾಗ ಗುರುತು ಹತ್ತಲು ತಡವಾಯಿತು ಅಷ್ಟೆ. ಕಚೇರಿಯಲ್ಲಿ ಮೇಲಿನವರನ್ನು ಕೇಳಿದೆ. ಗೇಣಿ ಕೊಡುವವರಿಗೆ ಕಾಯಿದೆ ಇದೆ, ಕೆಲಸದ ಬದಲು ಕೂತವರಿಗೆ ಏನನ್ನು ತೋರಿಸುವುದು, ಚೀಟಿ ಇದೆಯೇ ಎಂದರು. ಚೀಟಿ ಇರಲಿಲ್ಲ.

ಬೆಳ್ತಂಗಡಿಯ ಸಂತೆಯ ದಿನ ಒಂದು ದಿನಸಿ ಅಂಗಡಿಯ ಜಗಲಿಯಲ್ಲಿ ಕ್ಷೌರಿಕರನ್ನು ಕೂರಿಸಿ ನೋಡಿದೆವು. ಕುರ್ಚಿ ಗ್ರಾಮಸೇವಕರ ಮನೆಯದು, ಕನ್ನಡಿ ನನ್ನದು. ಪೇಟೆಯವರ ಎದುರು ನೆತ್ತರು ಬಂದರೆ ಎಂಬ ಭಯದಿಂದ, ಕತ್ತಿ ಹೊರಗೆ ತೆಗೆಯಬೇಡಿ, ರೇಜರಿನಲ್ಲೇ ಮಾಡಿ ಎಂದು ನಾನು ಒತ್ತಾಯಿಸಿದೆ. ಕೂತವರೊಬ್ಬರು ರೇಜರನ್ನು ಕಂಡು ಎದ್ದರು. "ಇದಾದರೆ ನಮ್ಮ ಮನೆಯಲ್ಲೇ ಉಂಟು." ಇನ್ನೊಬ್ಬರು ಕುರ್ಚಿಯಲ್ಲಿ ಕೂತದ್ದು ಬಸ್ಸು ಕಾಯಲಿಕ್ಕೆ. ಕೆಲವು ಸಂತೆಗಳ ನಂತರ ಗ್ರಾಮಸೇವಕರು ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಹೋದರು.

ಮಳೆಗೆ ಮುಂಚೆ ಕ್ಷೌರಿಕರೂ ಹೆಂಡತಿಯೂ ಹೊರಟರು. ಬಸ್ಸು ನಿಲ್ಲುವಲ್ಲಿಗೆ ನಾನು ಹೋಗಿದ್ದೆ. ಒಂದು ಟ್ರಂಕು, ಹಗ್ಗ ಕಟ್ಟಿದ ಚಾಪೆ, ಹಂಡೆ. ಹಂಡೆಯೊಳಗೆ ತೊಂಡೆಯ ಬಳ್ಳಿಯ ಕೆಲವು ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಹೆಂಡತಿ ನನ್ನ ಕಡೆ ನೋಡಲಿಲ್ಲ. ಕ್ಷೌರಿಕರು ಹಡಪ ಬಿಚ್ಚಿ ನನ್ನ ರೇಜರನ್ನು ತೆಗೆದುಕೊಟ್ಟರು. ಬಿಡಿಸಿ, ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

"ಇಟ್ಟುಕೊಳ್ಳಿ," ಎಂದೆ.

"ನನಗೆ ಎಂತಕ್ಕೆ ಮಾಸ್ಟ್ರೇ? ನನ್ನ ಮುಖಕ್ಕೆ ನಾನು ಹಿಡಿಯುವುದಿಲ್ಲ. ಬೇರೆಯವರ ಹತ್ತಿರವೆಲ್ಲ ಉಂಟು."

ತೋಡಾರಿನಲ್ಲಿ ಕೆಲಸ ಸಿಗಬಹುದಾ ಎಂದು ಕೇಳಿದೆ. ಭಾವನಿಗೇ ಸಾಲದು ಎಂದರು. ಬಸ್ಸು ಬಂತು. ಹಂಡೆಯನ್ನು ಟಾಪಿಗೆ ಏರಿಸಲು ನಾನು ಕೈ ಕೊಟ್ಟೆ. ಕಂಡಕ್ಟರರು ಅದನ್ನು ಬೋರಲು ಹಾಕಿದ್ದರಿಂದ ಬಳ್ಳಿಯ ತುಂಡುಗಳು ರಸ್ತೆಗೆ ಬಿದ್ದವು. ಹೆಂಡತಿ ಇಳಿದು ಹೆಕ್ಕಿಕೊಂಡಳು.

ಅವರ ಕೈ ನಡುಗುತ್ತಿತ್ತು, ರೇಜರು ಬಂದರೂ ಬಾರದಿದ್ದರೂ ಆ ಮನೆ ಹೆಚ್ಚು ದಿನ ಉಳಿಯುತ್ತಿರಲಿಲ್ಲ, ನಾವು ಮಾಡಿದ್ದರಿಂದ ಒಂದು ವರ್ಷ ಹೆಚ್ಚೇ ಸಿಕ್ಕಿರಬಹುದು. ಆ ಮೇಲಿನ ವರ್ಷಗಳಲ್ಲಿ ಯಾರಾದರೂ ಕೇಳಿದಾಗ ನಾನು ಇಷ್ಟು ಹೇಳಿ ಮಾತು ಮುಗಿಸುತ್ತಿದ್ದೆ. ಯಾರೂ ಕೇಳದಿದ್ದಾಗಲೂ ಹೇಳಿಕೊಳ್ಳುತ್ತಿದ್ದೆ.

ಅರವತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಮೂಡಬಿದಿರೆಯ ಕ್ಯಾಂಪು ಬಿತ್ತು. ಒಂದು ಆದಿತ್ಯವಾರ ತೋಡಾರಿಗೆ ಹೋದೆ. ರಸ್ತೆ ಬದಿಯಲ್ಲಿ ಒಂದು ಕುರ್ಚಿಯ ಕ್ಷೌರದ ಅಂಗಡಿ. ಕ್ಷೌರಿಕರ ಭಾವ ಒಬ್ಬರೇ ಇದ್ದರು, ಉದ್ದನೆಯ ಬಿಳಿ ಗಡ್ಡ. ನಾನು ಯಾರೆಂದು ಹೇಳಿದೆ. ಅವರಿಗೆ ನನ್ನ ಮೇಲೆ ಸಿಟ್ಟೇನೂ ಇದ್ದಂತಿರಲಿಲ್ಲ. ಭಾವಮೈದ ತೀರಿಹೋಗಿ ಒಂದು ಮಳೆಗಾಲ ಕಳೆಯಿತು ಎಂದರು. ಇಲ್ಲಿಗೆ ಬಂದ ಮೇಲೆ ಅಕ್ಕಿ ಮಿಲ್ಲಿನಲ್ಲಿ ತೌಡು ತುಂಬುವ ಕೆಲಸ ಮಾಡುತ್ತಿದ್ದರಂತೆ, ಧೂಳಿಗೆ ಎದೆ ಹಿಡಿಯಿತು. ಅಂಗಡಿಯಲ್ಲಿ ಕೂರಿಸಲಿಲ್ಲವೇ ಎಂದೆ.

"ಇರುವುದು ಒಂದು ಕುರ್ಚಿ. ನನಗೆ ಮಾತ್ರ ಮಾಡ್ತಿದ್ದ. ಆದಿತ್ಯವಾರ ಅವನು ನನಗೆ, ನಾನು ಅವನಿಗೆ."

"ರೇಜರಿನಲ್ಲಾ?"

"ಕತ್ತಿಯಲ್ಲಿ. ಅವನದ್ದೇ ಕತ್ತಿ. ಹಾಸಿಗೆ ಹಿಡಿಯುವ ಹಿಂದಿನ ವಾರದವರೆಗೂ."

ಕೈ ನಡುಗುತ್ತಿರಲಿಲ್ಲವೇ ಎಂದು ಕೇಳಿದೆ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಯಾರದ್ದು?" ಎಂದರು. ಇನ್ನೊಮ್ಮೆ ಕೇಳಿದೆ. "ಅವನದ್ದಾ? ಇಲ್ಲಪ್ಪ," ಎಂದು, ನನ್ನ ಮುಖವನ್ನೇ ನೋಡಿದರು.

ಗುತ್ತಿನ ಅಂಗಳದ ಬಗ್ಗೆ, ಅಲ್ಲಿ ಕೂತರೆ ಹಾಗೆ ಆಗ್ತದೆ ಎಂದು ಕ್ಷೌರಿಕರು ಅಂದದ್ದು ಆಗ ನೆನಪಾಯಿತು. ಆದರೆ ಸತ್ತವರ ಬಗ್ಗೆ ನೆಂಟರು ಆಡುವ ಮಾತನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬಾರದು. ಎದುರಿಗೆ ಒಂದು ಚಹಾದಂಗಡಿ ಇತ್ತು, ಅಲ್ಲಿಂದ ಕ್ಷೌರದ ಕುರ್ಚಿ ನೇರ ಕಾಣುತ್ತದೆ. ಒಂದು ಚಹಾ ಹೇಳಿ, ಅಂಗಡಿಯವರನ್ನು ಬೇರೆ ಯಾವುದೋ ಮಾತಿನ ನಡುವೆ ಭಾವಮೈದನ ಕೈಯ ಬಗ್ಗೆ ವಿಚಾರಿಸಿದೆ, ಉತ್ತರ ಏನಿರಬೇಕೆಂಬ ಸೂಚನೆ ನನ್ನ ಮಾತಿನಲ್ಲಿ ಬಾರದಂತೆ. ಅವರು ನಕ್ಕುಬಿಟ್ಟರು. ಪ್ರತಿ ಆದಿತ್ಯವಾರ ನೋಡಿದ್ದಾರಂತೆ. ಭಾವ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂರುತ್ತಿದ್ದರು, ಭಾವಮೈದ ಕತ್ತಿಯನ್ನು ಪಟ್ಟಿಗೆ ಎಳೆದು ಶುರುಮಾಡುತ್ತಿದ್ದರು. ಕತ್ತಿ ಗಂಟಲಿಗೆ ಬರುವಷ್ಟರಲ್ಲಿ ಭಾವನಿಗೆ ನಿದ್ದೆ ಹತ್ತಿರುತ್ತಿತ್ತು, ಗೊರಕೆ ಈಚೆ ಬದಿಗೆ ಕೇಳುತ್ತಿತ್ತು. ಆ ಹೊತ್ತಿಗೆ ಚಹಾ ಕುಡಿಯುತ್ತಿದ್ದ ಇನ್ನಿಬ್ಬರನ್ನೂ ಬೇರೆಬೇರೆಯಾಗಿ ಕೇಳಿದೆ. ಅವರೂ ಅದನ್ನೇ ಹೇಳಿದರು.